ಮಂಗ ಸತ್ತ ಮೇಲೆ ಎಚ್ಚರವೇ?

ಸೊರಬ ತಾಲ್ಲೂಕಿಗೆ ಲೋಕದ ವೈದ್ಯಗ್ರಂಥಗಳಲ್ಲಿ ಒಂದು ಜಾಗ ಉಂಟು. ಹೆಮ್ಮೆಪಡುವ ಜಾಗವೇನಲ್ಲ. 1957ರಲ್ಲಿ ಇಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಹುಡುಕಿದಾಗ ಸಿಕ್ಕಿಬಿದ್ದದ್ದು ಉಣುಗು. ಊರಿನ ಹೆಸರೇ ಕಾಯಿಲೆಯ ಹೆಸರಾಯಿತು.

ಇಷ್ಟಾದರೂ ಶಿಕಾರಿಪುರ, ಸೊರಬದ ಕಡೆ ಆಡಿನ ಕಿವಿಯಲ್ಲಿ ಉಣುಗು ಗೊಂಚಲು ಕಟ್ಟಿದ್ದರೆ, 'ಅಯ್ಯೋ, ಅದು ಇದ್ದದ್ದೇ ಬಿಡ್ರಿ' ಅನ್ನುವವರೇ ಜಾಸ್ತಿ. ನಾಲ್ಕು ಆಡು, ಎರಡು ಕುರಿ ಇಟ್ಟವನಿಗೆ ಅದೇ ಬ್ಯಾಂಕು. ಮಗಳ ಫೀಸು, ಆಸ್ಪತ್ರೆ ಖರ್ಚು ಬಂತೆಂದರೆ ಒಂದನ್ನು ಸಂತೆಗೆ ಹೊಡೆಯಬೇಕು. ರಕ್ತ ಹೀರಿಸಿಕೊಂಡು ಬಡಕಲಾದ ಆಡಿಗೆ ಶಿರಾಳಕೊಪ್ಪದಲ್ಲಿ ಯಾರು ಬೆಲೆ ಕಟ್ಟುತ್ತಾರೆ ಸ್ವಾಮಿ? ಎಳೆ ಮರಿಗಳಂತೂ ರಕ್ತ ಕಮ್ಮಿಯಾಗಿ ಸತ್ತೇ ಹೋದಾವು.

ಮಂಗನ ಕಾಯಿಲೆ ಹರಡುವ ಉಣುಗು ಬಲಿತ ಮೇಲೆ ಹೆಚ್ಚಾಗಿ ಹತ್ತುವುದು ದನ-ಎಮ್ಮೆಗೆ, ನಿಜ. ಆದರೆ ಆಡು-ಕುರಿ ಮೇಯುವುದೂ ಅದೇ ಕಾಡಂಚಿನಲ್ಲಿ, ಮಲಗುವುದೂ ಅದೇ ಕೊಟ್ಟಿಗೆಯ ಮೂಲೆಯಲ್ಲಿ. ಬಲಿತ ಉಣುಗಿನ ಹಾವಳಿ ಮಳೆಗಾಲದಲ್ಲಿ. ಹೊಟ್ಟೆ ತುಂಬಿದ ಹೆಣ್ಣು ಕೆಳಗೆ ಉದುರಿ ತರಗೆಲೆ ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಆ ಸಂತಾನವೇ ಚಳಿ ಕಳೆಯುವ ಹೊತ್ತಿಗೆ ಸೌದೆಗೆ, ದರಕಿಗೆ ಹೋದವರ ಕಾಲಿಗೆ ಹತ್ತುವುದು. ಅಂದಮೇಲೆ ಜಾನುವಾರಿಗೆ ಔಷಧಿ ಬೀಳಬೇಕಾದದ್ದು ಆಷಾಢ-ಶ್ರಾವಣದಲ್ಲಿ. ಇಲ್ಲಿ ಅಧಿಕಾರಿಗಳ ಜೀಪು ಓಡುವುದೋ, ಜನವರಿಯಲ್ಲಿ ಮಂಗ ಸತ್ತು ಬಿದ್ದ ಮೇಲೆ!

ಜನರಿಗೆ ಹಾಕುತ್ತಿದ್ದ ಹಳೇ ಲಸಿಕೆಯೂ 2022ರಲ್ಲಿ ನಿಂತಿದೆ. ಮೈಗೆ ಹಚ್ಚುವ ಎಣ್ಣೆ ಬಾಟ್ಲಿ ಒಂದನ್ನೇ ನಂಬಿ ಕೂತರೆ ಆದೀತೇ?

ಇನ್ನೊಂದು ಕೆಟ್ಟ ಚಾಳಿಯಿದೆ. ತೋಟಕ್ಕೆ ತಂದು ಮಿಕ್ಕ ಕೀಟನಾಶಕವನ್ನೇ ಆಡಿನ ಮೈಗೆ ಬಳಿಯುವುದು. ಉಣುಗಿನ ಜತೆ ಆಡೂ ಹೋದೀತು. ಬೆನ್ನ ಮೇಲೆ ಸುರಿಯುವ ಫ್ಲುಮೆಥ್ರಿನ್‌ನಂಥ ಔಷಧಿಗಳಿವೆ, ದನದ ಡಾಕ್ಟ್ರನ್ನು ಕೇಳಿ ತೂಕಕ್ಕೆ ತಕ್ಕ ಅಳತೆಯಲ್ಲಿ ಹಾಕಬೇಕು. ಹಾಕಿದ ಕೂಡಲೇ ಮಳೆಗೆ ಬಿಟ್ಟರೆ ದುಡ್ಡು ಚರಂಡಿಗೆ. ಕೊಟ್ಟಿಗೆ ಗೋಡೆಯ ಬಿರುಕು ಬಿಟ್ಟರೂ ಅಷ್ಟೇ, ಮೊಟ್ಟೆ ಅಲ್ಲೇ ಭದ್ರ.

ಒಬ್ಬ ಹಾಕಿ ಪಕ್ಕದ ಮನೆಯವ ಬಿಟ್ಟರೆ ಮತ್ತೆ ಉಣುಗು ಹತ್ತುತ್ತದೆ, ಮೇಯುವ ಜಾಗ ಒಂದೇ ತಾನೆ. ಕಾಲುಬಾಯಿ ಜ್ವರದ ಲಸಿಕೆಗೆ ಮನೆಮನೆ ಹತ್ತುವ ಪಶು ಇಲಾಖೆಗೆ ಇದು ಅಸಾಧ್ಯವೇನಲ್ಲ. ಪಂಚಾಯ್ತಿಯವರು ಊರಿಗೊಂದು ದಿನ ಗೊತ್ತುಮಾಡಿ ಡಂಗುರ ಸಾರಿಸಲಿ. ಆಡಿನ ಒಡೆಯನಿಂದ ಕಾಸು ಕೇಳದೆ ಔಷಧಿ ಕೊಡಲಿ. ಕಾಡಂಚಿನ ಹಳ್ಳಿಗಳ ಸರದಿ ಮೊದಲು ಬರಲಿ, ಅದೂ ಮುಂದಿನ ಮಳೆಗಾಲದಲ್ಲೇ.