ಬೆನಿನ್ ತನ್ನ ಬೀಜವನ್ನು ತಾನೇ ಒಡೆಯಲಿ, ಮಂಗಳೂರು ಜೊತೆಗೆ ನಿಲ್ಲಲಿ

ಪಶ್ಚಿಮ ಆಫ್ರಿಕದ ಬೆನಿನ್ ದೇಶ 2024ರ ಏಪ್ರಿಲ್ 1ರಿಂದ ಚಿಪ್ಪುಸಹಿತ ಗೇರುಬೀಜದ ರಫ್ತನ್ನು ನಿಲ್ಲಿಸಿತು. ಬೀಜ ಬೇಕಾದವರು ನಮ್ಮಲ್ಲೇ ಒಡೆಸಿ ತಿರುಳು ಒಯ್ಯಿರಿ ಎಂಬುದು ಅದರ ನಿಲುವು. 2022ರಲ್ಲೇ ಮುನ್ಸೂಚನೆ ಕೊಟ್ಟೂ ಇತ್ತು. ನಮ್ಮ ಕರಾವಳಿಯ ಉದ್ಯಮದಲ್ಲಿ ಇದನ್ನು ಈಗಲೂ ಕೇಡಿನ ಸುದ್ದಿಯಂತೆ ಆಡಿಕೊಳ್ಳುವವರಿದ್ದಾರೆ. ಬೆನಿನ್ ಮಾಡಿದ್ದು ನ್ಯಾಯ, ಮಾತ್ರವಲ್ಲ, ಜಾಣತನದಿಂದ ನಡೆದುಕೊಂಡರೆ ನಮಗೂ ಅದರಲ್ಲಿ ಲಾಭವಿದೆ ಎಂದು ನಾನು ನಂಬಿದ್ದೇನೆ.

ನನ್ನ ದುಡಿಮೆಯ ಬಹುಕಾಲ ಕಳೆದದ್ದು ಕಾರ್ಕಳದ ಕಡೆಯ ಒಂದು ಕಾರ್ಖಾನೆಯ ಸ್ಯಾಂಪಲ್ ಕೋಣೆಯಲ್ಲಿ. ಹೊಸ ಮಂಗಳೂರು ಬಂದರಿನಿಂದ ಲಾರಿ ಬಂದ ಕೂಡಲೇ ಗೋಣಿಗಳಿಗೆ ಬಂಬು ಚುಚ್ಚಿ ಬೀಜ ತೆಗೆಯುವುದು, ಎಲ್ಲವನ್ನೂ ಕಲಸಿ ಒಂದು ಕಿಲೋ ತೂಗುವುದು, ಒಂದೊಂದನ್ನೇ ಉದ್ದಕ್ಕೆ ಸೀಳಿ ನೋಡುವುದು. ಒಳ್ಳೆಯ ತಿರುಳು ಒಂದು ಕಡೆ, ಕಲೆ ಬಿದ್ದದ್ದು ಮತ್ತು ಎಳಸು ಇನ್ನೊಂದು ಕಡೆ, ಎಣ್ಣೆ ಬಿಟ್ಟದ್ದು, ಜೊಳ್ಳು, ಹುಳ ತಿಂದದ್ದು ಮತ್ತೊಂದು ಕಡೆ. ಒಳ್ಳೆಯದರ ಪೂರ್ತಿ ತೂಕ, ಕಲೆ ಬಿದ್ದದ್ದರ ಅರ್ಧ ತೂಕ ಸೇರಿಸಿದರೆ 80 ಕಿಲೋ ಚೀಲದಲ್ಲಿ ಎಷ್ಟು ಪೌಂಡ್ ತಿರುಳಿದೆ ಎಂದು ಗೊತ್ತಾಗುತ್ತದೆ. ಅದಕ್ಕೆ ನಾವು ಔಟ್‌ಟರ್ನ್ ಎನ್ನುತ್ತೇವೆ. ವ್ಯಾಪಾರದ ದರವೆಲ್ಲ ಅದರ ಮೇಲೆಯೇ. ಗಿನಿ-ಬಿಸಾವಿನ ಮಾಲು 50 ದಾಟುವುದುಂಟು, ಐವರಿ ಕೋಸ್ಟ್‌ನದು ಸಾಮಾನ್ಯವಾಗಿ 46, 47.

ಔಟ್‌ಟರ್ನ್ 47 ಎಂದರೆ 80 ಕಿಲೋದಲ್ಲಿ ತಿರುಳು 21 ಕಿಲೋ ಚಿಲ್ಲರೆ. ಉಳಿದ 59 ಕಿಲೋದಲ್ಲಿ ಬಹುಪಾಲು ಚಿಪ್ಪು. ಬೆನಿನ್‌ನ ಕೊಟೊನೂ ಬಂದರಿನಲ್ಲಿ ಹಡಗು ಹತ್ತಿಸಿ ತಿಂಗಳಿಗೂ ಹೆಚ್ಚು ಕಾಲ ಸಮುದ್ರದ ಮೇಲೆ ತರುವ ಸರಕಿನಲ್ಲಿ ಮುಕ್ಕಾಲು ಪಾಲು ನಾವು ತಿನ್ನುವುದಲ್ಲ; ಚಿಪ್ಪಿನೆಣ್ಣೆ ಹಿಂಡಿ, ಮಿಕ್ಕದ್ದನ್ನು ಒಲೆಗೆ ಹಾಕುತ್ತೇವೆ. ಇಪ್ಪತ್ತಡಿಯ ಕಂಟೇನರಿನಲ್ಲಿ ಸುಮಾರು 16 ಟನ್ ಕಚ್ಚಾಬೀಜ ಹಿಡಿಯುತ್ತದೆ, ಅದರಿಂದ ನಾಲ್ಕು ಟನ್ ಚಿಲ್ಲರೆ ತಿರುಳು ಬರುತ್ತದೆ. ಅದೇ ಕಂಟೇನರಿನಲ್ಲಿ ತಿರುಳನ್ನೇ ತುಂಬಿದರೆ 50 ಪೌಂಡಿನ ಪೆಟ್ಟಿಗೆ 700, ಅಂದರೆ ಹೆಚ್ಚುಕಡಿಮೆ 16 ಟನ್. ಒಂದು ಪೆಟ್ಟಿಗೆಯ ಜಾಗಕ್ಕೆ ನಾವು ನಾಲ್ಕು ಪೆಟ್ಟಿಗೆಯ ಬಾಡಿಗೆ ಕೊಡುತ್ತ ಬಂದಿದ್ದೇವೆ. ಮಧ್ಯೆ ಕಂಟೇನರಿನೊಳಗೆ ಬೆವರು ಹನಿದು ಮೇಲಿನ ಸಾಲಿನ ಗೋಣಿ ಬೂಷ್ಟು ಹಿಡಿದರೆ ಅದೂ ನಮ್ಮ ಲೆಕ್ಕಕ್ಕೆ.

ಹೀಗೇಕೆ ನಡೆದುಬಂತು ಎಂದರೆ, ಒಡೆಯುವ ಕೈ ನಮ್ಮಲ್ಲಿತ್ತು. ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಗೇರು ನಮ್ಮ ಗುಡ್ಡಗಳಿಗೆ ಒಗ್ಗಿತು. 1920ರ ದಶಕದಲ್ಲಿ ಮಂಗಳೂರಿನಲ್ಲಿ ಕಾರ್ಖಾನೆಗಳು ಎದ್ದವು. ನಮ್ಮ ಬೆಳೆ ಎಂದೂ ಅವುಗಳ ಹೊಟ್ಟೆಗೆ ಸಾಲಲಿಲ್ಲ. ಅಕ್ಟೋಬರಿನಿಂದ ಜನವರಿಯವರೆಗೆ, ನಮ್ಮ ಮರ ಇನ್ನೂ ಹೂ ಬಿಡುವ ಹೊತ್ತಿಗೆ, ತಾಂಜಾನಿಯಾ ಮತ್ತು ಮೊಜಾಂಬಿಕ್‌ನ ಬೀಜ. ಫೆಬ್ರವರಿಯ ನಂತರ ಪಶ್ಚಿಮ ಆಫ್ರಿಕದ ಬೀಜ. ಈ ಎರಡನೆಯದು ನಮ್ಮ ಬೆಳೆಯ ಜೊತೆಗೇ ಬರುತ್ತದೆ. ಹಾಗಾಗಿ ವರ್ಷಕ್ಕೆ ಬೇಕಾದದ್ದರ ಬಹುಪಾಲನ್ನು ಮೂರ್ನಾಲ್ಕು ತಿಂಗಳಲ್ಲೇ ಕೊಂಡು ಗೋದಾಮಿನಲ್ಲಿ ಪೇರಿಸಬೇಕು, ಅದಕ್ಕೆ ಬ್ಯಾಂಕಿನ ಸಾಲ, ಸಾಲಕ್ಕೆ ಬಡ್ಡಿ. ನಡುವೆ ದರ ಬಿದ್ದರೆ ಸಣ್ಣ ಕಾರ್ಖಾನೆ ಬಾಗಿಲು ಮುಚ್ಚುತ್ತದೆ. ಹಾಗೆ ಮುಚ್ಚಿದವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ಆ ಕಡೆಯವರ ಕಥೆ. ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ಗೇರು ಬೆಳೆದ ದೇಶ ಮೊಜಾಂಬಿಕ್. ಒಳಯುದ್ಧ ಮುಗಿದ ಮೇಲೆ, 1990ರ ದಶಕದಲ್ಲಿ, ವಿಶ್ವಬ್ಯಾಂಕಿನ ಒತ್ತಾಯಕ್ಕೆ ಮಣಿದು ಅದು ಕಚ್ಚಾಬೀಜದ ರಫ್ತು ತೆರಿಗೆಯನ್ನು ಇಳಿಸಿತು. ಬೀಜ ಹಡಗು ಹತ್ತಿ ಭಾರತಕ್ಕೆ ಬಂತು. ಅಲ್ಲಿನ ಕಾರ್ಖಾನೆಗಳು ಮುಚ್ಚಿ ಸಾವಿರಾರು ಜನ ಕೆಲಸ ಕಳೆದುಕೊಂಡರು, ಅವರಲ್ಲಿ ಬಹಳಷ್ಟು ಹೆಂಗಸರು. ರೈತನಿಗಾದರೂ ಹೆಚ್ಚು ಸಿಕ್ಕಿತೇ? ಅರ್ಥಶಾಸ್ತ್ರಜ್ಞ ಡ್ಯಾನಿ ರಾಡ್ರಿಕ್ ಮತ್ತು ಸಂಗಡಿಗರು 2002ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು, ಒಂದು ಬೆಳೆಗಾರ ಕುಟುಂಬಕ್ಕೆ ಸಿಕ್ಕ ಹೆಚ್ಚುವರಿ ಆದಾಯ ವರ್ಷಕ್ಕೆ 5.30 ಡಾಲರ್‌ಗಿಂತ ಹೆಚ್ಚಿರಲಾರದು ಎಂದು. ನಾವು ಇಲ್ಲಿ ಸಡಗರದಿಂದ ಸೀಳಿ ನೋಡುತ್ತಿದ್ದ ಬೀಜದ ಹಿಂದೆ ಆ ಹೆಂಗಸರ ಕೆಲಸವೂ ಇತ್ತು. ಹತ್ತಿ ಕೊಟ್ಟು ಬಟ್ಟೆ ಕೊಂಡ ದೇಶದವರು ನಾವು. ಬೆನಿನ್‌ನ ಹಟ ನಮಗಲ್ಲದೆ ಬೇರೆ ಯಾರಿಗೆ ಅರ್ಥವಾಗಬೇಕು?

ಬೆನಿನ್ ಬರೀ ನಿಷೇಧ ಹೇರಿ ಕೂತಿಲ್ಲ. ಕೊಟೊನೂ ನಗರದ ಹೊರಗೆ ಗ್ಲೋ-ಜಿಗ್ಬೆ ಎಂಬಲ್ಲಿ ಕೈಗಾರಿಕಾ ವಲಯ ಕಟ್ಟಿ ಹತ್ತಿಗೂ ಗೇರಿಗೂ ಅಲ್ಲೇ ಕಾರ್ಖಾನೆ ನಡೆಸುತ್ತಿದೆ. ಸರ್ಕಾರದ ಜೊತೆ ಅದನ್ನು ಕಟ್ಟಿದ ಅರೈಸ್ ಸಂಸ್ಥೆಯ ಮುಖ್ಯಸ್ಥ ಗಗನ್ ಗುಪ್ತಾ ಭಾರತ ಮೂಲದವರು. ಅಲ್ಲಿ ಮಂಗಳೂರಿನವರಿಗೆ ದೊಡ್ಡ ಕೆಲಸವಿದೆ. ಬೀಜ ಬೇಯಿಸುವ ಹದ, ತಿರುಳು ಒಣಗಿಸುವ ಬೋರ್ಮಾದ ಶಾಖ, ಡಬ್ಲ್ಯೂ 240 ಮತ್ತು ಡಬ್ಲ್ಯೂ 320 ಎಂಬ ತಿರುಳಿನ ಗ್ರೇಡುಗಳ ನಡುವಣ ವ್ಯತ್ಯಾಸವನ್ನು ಕಣ್ಣಳತೆಯಲ್ಲೇ ಹೇಳುವ ಅನುಭವ ನಮ್ಮಲ್ಲಿದೆ. ಯಂತ್ರ ಎಲ್ಲಿಂದಲಾದರೂ ಕೊಳ್ಳಬಹುದು, ಈ ಹದ ಕಲಿಸುವ ಮೇಸ್ತ್ರಿಗಳು ಬೇಕು. ನಮ್ಮ ಮಧ್ಯಮ ಗಾತ್ರದ ನಾಲ್ಕೈದು ಕಾರ್ಖಾನೆಗಳು ಕೂಡಿ ಅಲ್ಲಿ ಒಂದು ಘಟಕದಲ್ಲಿ ಪಾಲು ಹಾಕುವುದು ಅಸಾಧ್ಯದ ಮಾತೇನಲ್ಲ. ಯಂತ್ರ ನೆಚ್ಚಿದ ವಿಯೆಟ್ನಾಂ 2006ರಲ್ಲೇ ತಿರುಳು ರಫ್ತಿನಲ್ಲಿ ನಮ್ಮನ್ನು ಹಿಂದೆ ಹಾಕಿತು. ಆಫ್ರಿಕದಲ್ಲೂ ಅವರು ಮೊದಲು ಬೇರೂರಿದರೆ ನಮಗೆ ಜಾಗ ಉಳಿಯದು.

ಹಾಗಾದರೆ ನಮ್ಮ ಹೆಂಗಸರ ಗತಿ? ಈ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡಿದ್ದು. ಬೆಳ್ತಂಗಡಿ, ಪುತ್ತೂರು, ಕುಂದಾಪುರದ ಕಡೆ ಎಷ್ಟೋ ಮನೆಗಳು ನಿಂತಿರುವುದು ಬೀಜದ ಫ್ಯಾಕ್ಟರಿಯ ಸಂಬಳದಿಂದ. ಆದರೆ ಒಡೆಯುವ ಕೆಲಸ ಎಂಥದೆಂದು ಅವರ ಬೆರಳನ್ನು ಕೇಳಬೇಕು. ಚಿಪ್ಪಿನ ಎಣ್ಣೆ ಚರ್ಮ ಸುಡುತ್ತದೆ. ಹರಳೆಣ್ಣೆ, ಬೂದಿ ಹಚ್ಚಿಕೊಂಡರೂ ಬೆರಳ ತುದಿ ಕಪ್ಪಾಗಿ ಸುಲಿಯುವುದು ತಪ್ಪುತ್ತಿರಲಿಲ್ಲ. ಆ ಕೆಲಸ ಈಗ ಬಹುಪಾಲು ಯಂತ್ರಕ್ಕೆ ಹೋಗಿಯಾಗಿದೆ. ಕೈಗೆ ಉಳಿದಿರುವುದು ಕೆಂಪು ಸಿಪ್ಪೆ ಸುಲಿದು ಮುಗಿಸುವುದು, ಗ್ರೇಡ್ ಮಾಡುವುದು, ಹುರಿದು ಪ್ಯಾಕ್ ಮಾಡುವುದು. ಬೆನಿನ್‌ನಲ್ಲಿ ಒಡೆದು ಒಣಗಿಸಿ, ಸಿಪ್ಪೆ ತೆಗೆಯದ ತಿರುಳನ್ನು ಇಲ್ಲಿಗೆ ತಂದರೆ ಈ ಕೆಲಸಗಳು ಇಲ್ಲೇ ಉಳಿಯುತ್ತವೆ. ಸಿಪ್ಪೆ ಇದ್ದರೆ ದಾರಿಯಲ್ಲಿ ತಿರುಳಿಗೆ ರಕ್ಷಣೆಯೂ ಹೌದು. ತಿಂಗಳು ತಿಂಗಳು ಬೇಕಾದಷ್ಟೇ ತರಿಸಿದರೆ ಗೋದಾಮಿನ ಸಾಲವೂ ಕಡಿಮೆ, ಕೆಲಸವೂ ವರ್ಷವಿಡೀ.

ಅಡ್ಡ ಇರುವುದು ನಮ್ಮದೇ ಸುಂಕ. 2019ರ ಕೇಂದ್ರ ಬಜೆಟ್ ಗೇರು ತಿರುಳಿನ ಆಮದು ಸುಂಕವನ್ನು ಶೇ 45ರಿಂದ ಶೇ 70ಕ್ಕೆ ಏರಿಸಿತು. ಅಗ್ಗದ ತಿರುಳು ನುಗ್ಗಿ ನಮ್ಮ ಕಾರ್ಖಾನೆ ಮುಳುಗಬಾರದೆಂಬುದು ಅದರ ಉದ್ದೇಶ. ಮಾರಲು ಸಿದ್ಧವಾದ ಬಿಳಿ ತಿರುಳಿಗೆ ಅದು ಇರಲಿ. ಸಿಪ್ಪೆ ಸುಲಿಯದ ತಿರುಳು ಅರ್ಧ ಮುಗಿದ ಕೆಲಸ. ಅದನ್ನು ಬೇರೆ ಶೀರ್ಷಿಕೆಯಡಿ ತಂದು, ಬೆನಿನ್‌ನಂಥ ಹಿಂದುಳಿದ ದೇಶಗಳಿಂದ ಕಾರ್ಖಾನೆಯವರೇ ನೇರ ತರಿಸುವಾಗ ಸುಂಕ ಬಿಡಬೇಕು. ವ್ಯಾಪಾರಿ ತರಿಸಿ ಹಾಗೇ ಕೈ ಬದಲಿಸದಂತೆ, ತಂದ ತೂಕಕ್ಕೂ ಭವಿಷ್ಯನಿಧಿಯ ಪಟ್ಟಿಯಲ್ಲಿರುವ ಕಾರ್ಮಿಕರ ಸಂಖ್ಯೆಗೂ ನಂಟು ಹಾಕಬಹುದು.

ಬೆನಿನ್ ಕಡೆಯಿಂದಲೂ ನಾವು ಒಂದು ಮಾತು ಪಡೆಯಬೇಕು. ಕೊಳ್ಳುವವರು ಕಡಿಮೆಯಾದಾಗ ಬೀಜದ ದರ ಕುಸಿಯುತ್ತದೆ, ನಿಷೇಧದ ಹೊರೆ ಅಲ್ಲಿನ ಬೆಳೆಗಾರನ ತಲೆಗೆ ಬೀಳುತ್ತದೆ. ಹಾಗಾಗಿ ಭಾರತದ ಹಣ ಹಾಕಿದ ಘಟಕಗಳು ಔಟ್‌ಟರ್ನ್ ನೋಡಿಯೇ ರೈತನಿಗೆ ದರ ಕೊಡಬೇಕು, ಸೀಳಿದ ಒಂದು ಕಿಲೋ ಬೀಜ ಅವನ ಎದುರಿಗೇ ಮೇಜಿನ ಮೇಲಿರಬೇಕು. ಇದನ್ನು ಎರಡೂ ದೇಶಗಳ ನಡುವಣ ಒಪ್ಪಂದದಲ್ಲೇ ಬರೆಸಬೇಕು. ಬರೆಸುವ ತಂಡದಲ್ಲಿ ಅಧಿಕಾರಿಗಳ ಜೊತೆ ಮಂಗಳೂರಿನ ಕಾರ್ಖಾನೆಯವರೂ, ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದವರೂ ಇರಬೇಕು.