ಹೊತ್ತನ್ನು ಹಂಚುವ ಯಂತ್ರ

ವೈದ್ಯರ ಬಳಿಗೆ ಹೋಗುವುದೆಂದರೆ ಬೆಳಗ್ಗೆಯೇ ಹೋಗಿ, ಚೀಟಿ ಹಿಡಿದು, ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕುಳಿತಿರುವುದೆಂಬ ಪದ್ಧತಿಯು ನಮ್ಮಲ್ಲಿ ಬಹುಕಾಲ ನಡೆದುಬಂದಿತು. ಎಷ್ಟೋ ಊರುಗಳಲ್ಲಿ ಈಗಲೂ ನಡೆಯುತ್ತಲಿದೆ. ಪಾಸ್‌ಪೋರ್ಟು ಬೇಕಾದವರು ಅಂತರಜಾಲದಲ್ಲಿ ಗಳಿಗೆಯನ್ನು ಮೊದಲೇ ಗೊತ್ತುಮಾಡಿಕೊಂಡು ಸೇವಾಕೇಂದ್ರಕ್ಕೆ ಹೋಗುವ ಏರ್ಪಾಡು ೨೦೧೦ರಲ್ಲಿ ಬೆಂಗಳೂರಿನಲ್ಲಿ ಪ್ರಯೋಗಾರ್ಥವಾಗಿ ಆರಂಭವಾಯಿತು. ಇಂದು ದಂತವೈದ್ಯರು, ಕ್ಷೌರಶಾಲೆಯವರು, ಸಂಗೀತದ ಉಪಾಧ್ಯಾಯರು, ಲೆಕ್ಕಪತ್ರಗಳನ್ನು ನೋಡುವವರು ಸಹ ತಮ್ಮ ಬಿಡುವನ್ನು ಒಂದು ಪುಟದಲ್ಲಿ ತೆರೆದಿಟ್ಟಿರುವರು. ಬೇಕಾದ ಗಳಿಗೆಯನ್ನು ಬೆರಳಿನಿಂದ ಮುಟ್ಟಿದರೆ ಅದು ಮುಟ್ಟಿದವರದಾಗುವುದು.

ಇಂತಹ ತಂತ್ರಾಂಶಗಳು ಹಲವುಂಟು. ನೈಜೀರಿಯಾದಲ್ಲಿ ಹುಟ್ಟಿದ ಟೋಪೆ ಅವೊಟೋನಾ ಎಂಬವರು ೨೦೧೩ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಸ್ಥಾಪಿಸಿದ ಕ್ಯಾಲೆಂಡ್ಲಿಯು ಪ್ರಸಿದ್ಧವಾದುದು. ನಮ್ಮ ನೆರೆಯ ಚೆನ್ನೈಯ ಜೋಹೋ ಸಂಸ್ಥೆಯದೂ ಒಂದಿದೆ. ಯಾವುದನ್ನು ಕೊಳ್ಳಬೇಕೆಂದು ಚಿಕ್ಕ ಉದ್ಯೋಗವನ್ನು ನಡೆಸುವ ವಾಚಕರು ಕೇಳಬಹುದು. ಆ ಪ್ರಶ್ನೆಗೆ ನಾನು ಹೆಚ್ಚು ಬೆಲೆ ಕೊಡಲಾರೆ. ತಂತ್ರಾಂಶವು ವ್ಯವಸ್ಥೆಯನ್ನು ಹುಟ್ಟಿಸುವುದಿಲ್ಲ. ಜೊತೆಯಲ್ಲಿ ದುಡಿಯುವವರು ತಮ್ಮೊಳಗೆ ಒಪ್ಪಿಕೊಂಡ ವ್ಯವಸ್ಥೆಯನ್ನು ತಪ್ಪದೆ ನಡೆಸುತ್ತದೆ, ಅಷ್ಟೆ. ಒಪ್ಪಂದವೇ ಇಲ್ಲದಲ್ಲಿ ಗೊಂದಲವನ್ನೂ ಅಷ್ಟೇ ನಿಷ್ಠೆಯಿಂದ ನಡೆಸುತ್ತದೆ.

ಮೈಸೂರಿನಲ್ಲಿ ನನ್ನ ಶಿಷ್ಯೆಯೊಬ್ಬಳು ಫಿಜಿಯೋಥೆರಪಿಯ ಚಿಕಿತ್ಸಾಲಯವನ್ನು ನಡೆಸುತ್ತಾಳೆ. ಆಕೆಯೊಡನೆ ಇನ್ನಿಬ್ಬರು ಚಿಕಿತ್ಸಕರು, ಮುಂಬಾಗಿಲಲ್ಲಿ ದೂರವಾಣಿಯನ್ನೂ ದಪ್ಪ ರಿಜಿಸ್ಟರನ್ನೂ ನೋಡಿಕೊಳ್ಳುವ ಹಿರಿಯಾಕೆ, ಮೂರು ಮಂಚ, ಕತ್ತು ಸೊಂಟಗಳನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್ ಯಂತ್ರ ಒಂದು: ಇಷ್ಟೇ ಅದರ ಸಂಸಾರ. ಶಾಲೆಯ ವೇಳಾಪಟ್ಟಿಯನ್ನು ಇಪ್ಪತ್ತು ವರ್ಷ ನಾನೇ ರಚಿಸುತ್ತಿದ್ದುದನ್ನು ನೆನೆದು ಆಕೆ ನನ್ನನ್ನು ಕರೆಸಿದಳು.

“ಒಬ್ಬೊಬ್ಬರಿಗೆ ಅರ್ಧ ಗಂಟೆ” ಎಂದು ಮೂವರೂ ಹೇಳಿದರು. ಒಂದು ವಾರ ಗಡಿಯಾರ ನೋಡಿ ಬರೆದಿಡಿರೆಂದೆನು. ಬರೆದು ನೋಡಲಾಗಿ, ಹೊಸದಾಗಿ ಬಂದವರಿಗೆ ೪೫ ನಿಮಿಷಗಳೂ, ಹಳಬರಿಗೆ ೩೦ ನಿಮಿಷಗಳೂ, ಪ್ರತಿಯೊಬ್ಬರ ಬಳಿಕ ಹಾಸನ್ನು ಬದಲಾಯಿಸಿ ಟಿಪ್ಪಣಿ ಬರೆಯಲು ೧೦ ನಿಮಿಷಗಳೂ ಹಿಡಿಯುತ್ತಿದ್ದವು. ಈ ಕಡೆಯ ಹತ್ತು ನಿಮಿಷಗಳಿಗೆ ತಂತ್ರಾಂಶದವರು ಬಫರ್ ಎಂದು ಹೆಸರಿಟ್ಟಿರುವರು. ನಾವಾಗಿ ಹೇಳದಿದ್ದರೆ ಅದು ಪಟ್ಟಿಯಲ್ಲಿ ಸೇರುವುದಿಲ್ಲ. ಸೇರಿಸಿದರೆ ಬೆಳಗಿನ ೯ರಿಂದ ೧ರವರೆಗೆ ಒಬ್ಬ ಚಿಕಿತ್ಸಕರಿಗೆ ಹಳಬರು ಎಂಟು ಮಂದಿಯಲ್ಲ, ಆರೇ ಮಂದಿ.

ಕಷ್ಟವು ಹುಟ್ಟಿದ್ದು ಇಲ್ಲಿಯೇ. ಇಬ್ಬರು ಚಿಕಿತ್ಸಕರಿಗೂ ಸಂಬಳವು ನೋಡಿದ ರೋಗಿಗಳ ಸಂಖ್ಯೆಗೆ ತಕ್ಕಂತೆ ಸಲ್ಲತಕ್ಕದ್ದು. ಎರಡು ಮಂದಿ ಕಡಮೆಯಾದರೆ ತಿಂಗಳ ಕೊನೆಗೆ ಮನೆಯ ಬಾಡಿಗೆಯೇ ಅಲುಗಾಡುವುದೆಂದು ಅವರಲ್ಲಿ ಕಿರಿಯನಾದವನು ಸ್ಪಷ್ಟವಾಗಿ ಹೇಳಿದನು. ಅವನ ಮಾತು ನ್ಯಾಯವಾದುದು. ಆದರೆ ರಿಜಿಸ್ಟರನ್ನು ತಿರುವಿದರೆ, ಒಂದು ಗಂಟೆಗೆ ಮುಗಿಯಬೇಕಾದವರು ಎರಡೂವರೆಗೆ ಹೊರಟಿದ್ದರು. ಚಿಕಿತ್ಸಕರ ಊಟವು ಮೂರಕ್ಕೆ ಜಾರಿತ್ತು. ಎಂಟನೆಯವರ ಶುಲ್ಕವು ಈ ಮೂವರ ಊಟದ ಹೊತ್ತಿನಿಂದಲೂ ಬೆಂಚಿನ ಮೇಲೆ ಕುಳಿತವರ ಮೊಣಕಾಲಿನಿಂದಲೂ ಬರುತ್ತಿತ್ತು. ಒಂದು ಸಂಜೆಯೆಲ್ಲ ಚರ್ಚೆ ನಡೆದು, ಬಫರನ್ನು ಇಟ್ಟುಕೊಂಡು, ಸಂಬಳದ ಒಂದು ಭಾಗವನ್ನು ಸ್ಥಿರವಾಗಿ ಕೊಡುವುದೆಂದು ತೀರ್ಮಾನವಾಯಿತು. ತಂತ್ರಾಂಶವನ್ನು ತೆರೆದದ್ದು ಅದಾದ ಮೇಲೆ.

೧೯೫೨ರಲ್ಲಿ ಇಂಗ್ಲೆಂಡಿನ ನಾರ್ಮನ್ ಬೈಲಿ ಎಂಬ ಸಂಖ್ಯಾಶಾಸ್ತ್ರಜ್ಞರು ಆಸ್ಪತ್ರೆಗಳ ಹೊರರೋಗಿಗಳ ಸರತಿಯನ್ನು ಕುರಿತು ಇದನ್ನೇ ಗಣಿತದಿಂದ ಪರೀಕ್ಷಿಸಿದ್ದರು. ಆರಂಭಕ್ಕೆ ಇಬ್ಬರನ್ನು ಕರೆದು, ಆಮೇಲೆ ಸರಾಸರಿ ತಪಾಸಣೆಯ ಕಾಲದಷ್ಟು ಅಂತರದಲ್ಲಿ ಒಬ್ಬೊಬ್ಬರನ್ನು ಕರೆಯುವುದು ಮೇಲೆಂದು ಅವರ ಸಲಹೆ. ವೈದ್ಯರ ಬಿಡುವನ್ನು ಕಡಮೆ ಮಾಡಹೊರಟರೆ ರೋಗಿಯ ಕಾಯುವಿಕೆ ಬೆಳೆಯುತ್ತದೆ. ತಕ್ಕಡಿಯನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಮನುಷ್ಯರೇ ನಿಶ್ಚಯಿಸಬೇಕು.

ಟ್ರ್ಯಾಕ್ಷನ್ ಯಂತ್ರದ ವಿಷಯವು ನನಗೆ ವಿನೋದವನ್ನುಂಟುಮಾಡಿತು. ಚಿಕಿತ್ಸಕರು ಮೂವರೂ ಬಿಡುವಾಗಿದ್ದರೆ ತಂತ್ರಾಂಶವು ಒಂದೇ ಗಳಿಗೆಗೆ ಮೂರು ಸೊಂಟಗಳನ್ನು ಕರೆಯುತ್ತದೆ. ಯಂತ್ರವು ಒಂದೇ ಎಂಬುದು ಅದಕ್ಕೆ ತಿಳಿಯದು. ಕೆಲವು ತಂತ್ರಾಂಶಗಳಲ್ಲಿ ಉಪಕರಣಗಳನ್ನು ಎಣಿಸುವ ಅನುಕೂಲವಿದೆ. ಆಕೆ ಆರಿಸಿಕೊಂಡುದರಲ್ಲಿ ಅದಿರಲಿಲ್ಲವಾದುದರಿಂದ ಯಂತ್ರವನ್ನೇ ನಾಲ್ಕನೆಯ ನೌಕರನೆಂದು ದಾಖಲುಮಾಡಿ, ಆ ಚಿಕಿತ್ಸೆಗೆ ಚಿಕಿತ್ಸಕರೂ ಯಂತ್ರವೂ ಕೂಡಿ ಬಿಡುವಾಗಿರಬೇಕೆಂದು ವಿಧಿಸಿದೆವು. ಕೊಡಲಿಯೇ ಕಡಿಯಿತು ಎನ್ನುವಾಗ ಕರಣವು ಕರ್ತೃವಾಗುವುದಷ್ಟೆ. ವೈಯಾಕರಣರು ಇದಕ್ಕೆ ಆಕ್ಷೇಪಿಸಲಾರರು.

ಮೂವರ ಗೂಗಲ್ ಕ್ಯಾಲೆಂಡರುಗಳನ್ನೂ ಜೋಡಿಸುವಾಗ ಒಂದು ಎಚ್ಚರಿಕೆ ಅಗತ್ಯ. ರಜೆಯನ್ನು ಅಲ್ಲಿ ಇಡೀ ದಿನದ ಸಂಗತಿಯಾಗಿ ಬರೆದರೆ, ನಾವು ಬದಲಾಯಿಸದ ಹೊರತು ಆ ದಿನವು ಬಿಡುವೆಂದೇ ಗಣಿತವಾಗುತ್ತದೆ. ಮದುವೆಗೆ ಹೋದವರ ಹೆಸರಿನಲ್ಲಿ ರೋಗಿಗಳು ಬಂದು ನಿಲ್ಲುತ್ತಾರೆ. ‘ಕಾರ್ಯನಿರತ’ ಎಂಬುದನ್ನು ಗುರುತಿಸಬೇಕು. ಇನ್ನು, ನ್ಯೂಜೆರ್ಸಿಯಲ್ಲಿರುವ ಮಗಳು ಮೈಸೂರಿನ ತಾಯಿಗಾಗಿ ಗಳಿಗೆ ಹಿಡಿಯುವುದುಂಟು. ಪುಟವು ನೋಡುವವರ ಊರಿನ ಹೊತ್ತನ್ನು ತೋರಿಸುವಂತಿದ್ದರೆ ನಮ್ಮ ಬೆಳಗಿನ ೧೦ ಗಂಟೆಯು ಆಕೆಗೆ ಬೇಸಗೆಯಲ್ಲಿ ರಾತ್ರಿ ೧೨-೩೦ ಆಗಿಯೂ, ಚಳಿಗಾಲದಲ್ಲಿ ಹಿಂದಿನ ದಿನದ ರಾತ್ರಿ ೧೧-೩೦ ಆಗಿಯೂ ಕಾಣುವುದು. ಖುದ್ದಾಗಿ ಬರತಕ್ಕ ಕೆಲಸಗಳಿಗೆ ಭಾರತದ ಕಾಲವನ್ನೇ ಬೀಗ ಹಾಕಿ ನಿಲ್ಲಿಸುವುದು ಒಳ್ಳೆಯದು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ಹೊಸ ರೋಗಿಗಳು ಯಾರೂ ಹೆಸರು ಕೊಡುತ್ತಿಲ್ಲವೇಕೆಂದು ಕಿರಿಯ ಚಿಕಿತ್ಸಕನು ಆಶ್ಚರ್ಯಪಟ್ಟನು. ರಾಹುಕಾಲವೆಂದು ಹೇಳಬೇಕಾಯಿತು.

ಇಷ್ಟೆಲ್ಲ ನಡೆಯುವಾಗ ಮುಂಬಾಗಿಲಿನ ಹಿರಿಯಾಕೆ ಒಂದು ಮಾತನ್ನೂ ಆಡಲಿಲ್ಲ. ರಿಜಿಸ್ಟರು ಹೋದರೆ ತನಗೇನು ಕೆಲಸವೆಂಬ ಶಂಕೆ ಆಕೆಯ ಮುಖದಲ್ಲಿತ್ತು. ರಿಜಿಸ್ಟರನ್ನು ಮುಚ್ಚಲೇಬೇಕು; ಎರಡು ಪುಸ್ತಕಗಳಿದ್ದರೆ ಒಂದೇ ಗಳಿಗೆಗೆ ಇಬ್ಬರು ಬರುವುದು ತಪ್ಪದು. ಆದರೆ ಅಲ್ಲಿಗೆ ಬರುವವರಲ್ಲಿ ಬಹುಮಂದಿ ವೃದ್ಧರು. ಪುಟವನ್ನು ಮುಟ್ಟಲರಿಯದವರು, ಕನ್ನಡಕವಿಲ್ಲದೆ ಓದಲಾರದವರು, ತಮ್ಮ ನೋವನ್ನು ಮೊದಲು ಯಾರಿಗಾದರೂ ಹೇಳಬೇಕೆನ್ನುವವರು ದೂರವಾಣಿಯನ್ನೇ ಎತ್ತುತ್ತಾರೆ. ಗಳಿಗೆಗಳೆಲ್ಲ ಹಿಂದಿನ ರಾತ್ರಿಯೇ ಚುರುಕು ಬೆರಳಿನವರ ಪಾಲಾದರೆ ಇವರಿಗೆ ಉಳಿಯುವುದು ಹಳೆಯ ಬೆಂಚೇ. ಆದಕಾರಣ ಪ್ರತಿ ಚಿಕಿತ್ಸಕರ ಬೆಳಗಿನ ಎರಡು ಗಳಿಗೆಗಳನ್ನು ಸಾರ್ವಜನಿಕ ಪುಟದಿಂದ ತೆಗೆದು, ಹೊರಗೆ ಪ್ರಕಟಿಸದ ಇನ್ನೊಂದು ಪುಟದಲ್ಲಿ ಇಡಿಸಿದೆವು. ಆ ಪುಟದ ಕೊಂಡಿಯು ಆ ಹಿರಿಯಾಕೆಯ ಗಣಕದಲ್ಲಿ ಮಾತ್ರ ಇದೆ. ಕರೆ ಬಂದಾಗ ಆಕೆಯೇ ಹೆಸರನ್ನು ತುಂಬುತ್ತಾಳೆ. ಯಾರ ಗಳಿಗೆಯನ್ನು ಯಾವಾಗ ಬದಲಾಯಿಸಬೇಕೆಂಬ ಅಧಿಕಾರವೂ ಆಕೆಗೇ ಉಂಟು.