ಪುಸ್ತಕದೊಂದಿಗೆ ಮೈದಾನವೂ ಬೇಕು

ದ್ವಿತೀಯ ಪಿಯುಸಿ ಫಲಿತಾಂಶ ಬಂದೊಡನೆ ಯಾದಗಿರಿ, ಶಹಾಪುರ, ಸುರಪುರಗಳ ನಮ್ಮ ಮನೆಗಳಲ್ಲಿ ನೀಟ್, ಸಿಇಟಿಗಳ ಚರ್ಚೆ ಕಾವೇರುತ್ತದೆ. ಸೇನಾಧಿಕಾರಿಯ ಹುದ್ದೆ ಆ ಚರ್ಚೆಯಲ್ಲಿ ಸುಳಿಯುವುದೇ ಅಪರೂಪ. ಸುಳಿದರೂ ಕೇಳಿಬರುವುದು ಒಂದೇ ಪ್ರಶ್ನೆ: ಕೋಚಿಂಗ್ ಎಲ್ಲಿದೆ?

ಇಲ್ಲಿಯೇ ನಾವು ಎಡವುತ್ತಿದ್ದೇವೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೆರಡು ಬಾರಿ ನಡೆಸುವ ಲಿಖಿತ ಪರೀಕ್ಷೆಗೆ 900 ಅಂಕಗಳಾದರೆ, ಸೇವಾ ಆಯ್ಕೆ ಮಂಡಳಿಯ ಐದು ದಿನಗಳ ಪರಿಶೀಲನೆಗೂ ಅಷ್ಟೇ ಅಂಕಗಳಿವೆ. ಅಲ್ಲಿ ಮೂರು ನಿಮಿಷಗಳಲ್ಲಿ ಹತ್ತು ಅಡೆತಡೆಗಳನ್ನು ಎದುರಿಸಬೇಕು. ಆಯೋಗದ ಅಧಿಸೂಚನೆಯೇ ಅಭ್ಯರ್ಥಿಗಳಿಗೆ ಸಲಹೆ ನೀಡುತ್ತದೆ: 15 ನಿಮಿಷಗಳಲ್ಲಿ 2.4 ಕಿಲೋಮೀಟರ್ ಓಟ, ಕನಿಷ್ಠ 20 ದಂಡೆ, ಅಷ್ಟೇ ಸಿಟ್-ಅಪ್, ಎಂಟು ಚಿನ್-ಅಪ್, 3-4 ಮೀಟರ್ ಹಗ್ಗ ಹತ್ತುವುದು. ಇವು ಅಂಕ ತರುವ ಪರೀಕ್ಷೆಗಳಲ್ಲ, ನಿಜ. ಆದರೆ ಇಷ್ಟನ್ನೂ ಮಾಡಲಾಗದವನು ಆ ಮೈದಾನದಲ್ಲಿ ಏನು ತಾನೇ ಮಾಡಿಯಾನು? ತಿಂಗಳೊಪ್ಪತ್ತಿನ ಕೋಚಿಂಗ್‌ನಿಂದ ದೇಹ ಸಿದ್ಧವಾಗುವುದಿಲ್ಲ.

ಮಂಡಳಿ ಶಿಫಾರಸು ಮಾಡಿದ ಬಳಿಕ ವೈದ್ಯಕೀಯ ತಪಾಸಣೆ. ಚಪ್ಪಟೆ ಪಾದ, ಒಂದಕ್ಕೊಂದು ತಾಗುವ ಮೊಣಕಾಲು, ದೃಷ್ಟಿದೋಷ ಎಲ್ಲವನ್ನೂ ನೋಡುತ್ತಾರೆ. ಹಲ್ಲುಗಳಿಗೇ ಕನಿಷ್ಠ 14 ಅಂಕ ಬೇಕು! ಹದಿನೈದರ ಹರೆಯದಲ್ಲೇ ಗುಟ್ಕಾ ಜಗಿಯುವ ನಮ್ಮ ಬಡಾವಣೆಗಳ ಹುಡುಗರ ತಂದೆಯಂದಿರು ಇದನ್ನೊಮ್ಮೆ ಯೋಚಿಸಲಿ.

ಎಲ್ಲ ಹೊಣೆಯನ್ನೂ ಮಕ್ಕಳ ಮೇಲೆ ಹೊರಿಸುವುದು ಅನ್ಯಾಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಯಾದಗಿರಿ ಜಿಲ್ಲೆಯಲ್ಲಿ ಐದು ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳ ಎತ್ತರ ವಯಸ್ಸಿಗೆ ತಕ್ಕಂತಿಲ್ಲ. ಅಂದರೆ ತೊಟ್ಟಿಲಲ್ಲೇ ಹಿಂದೆ ಬಿದ್ದವರನ್ನು ಹದಿನೇಳನೇ ವರ್ಷದಲ್ಲಿ ಅಳತೆಗೋಲಿನ ಮುಂದೆ ನಿಲ್ಲಿಸಲಾಗುತ್ತದೆ. 371ಜೆ ವಿಧಿಯ ಮೀಸಲಾತಿಯೂ ಈ ಅಳತೆಯನ್ನು ತಗ್ಗಿಸಲಾರದು, ಏಕೆಂದರೆ ಸೇನೆಯ ನೇಮಕಾತಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಅಂಗನವಾಡಿಯ ಮೊಟ್ಟೆಯ ಪ್ರಶ್ನೆಯನ್ನು ನಾವು ಸೇನಾಧಿಕಾರಿಯ ಪ್ರಶ್ನೆಯೆಂದೂ ನೋಡಬೇಕಾಗಿದೆ.

'ನಮ್ಮವರನ್ನು ಯಾರು ತೆಗೆದುಕೊಳ್ಳುತ್ತಾರೆ' ಎಂಬ ನಿರಾಶೆಯ ಮಾತೂ ಇದೆ. ಒಂದು ಕಾಲಕ್ಕೆ ನಮ್ಮ ಈ ಪ್ರದೇಶವೂ ಸೇರಿದ್ದ ಸಂಸ್ಥಾನದ ರಾಜಧಾನಿ ಹೈದರಾಬಾದಿನಲ್ಲಿ ಜನಿಸಿದ ಇದ್ರೀಸ್ ಹಸನ್ ಲತೀಫ್ 1978ರಿಂದ 1981ರವರೆಗೆ ವಾಯುಪಡೆಯ ಮುಖ್ಯಸ್ಥರಾಗಿದ್ದರು. 2025ರ ಮೇ ತಿಂಗಳಲ್ಲಿ ಸೇನೆಯ ಪರವಾಗಿ ದೇಶದ ಮುಂದೆ ಮಾತನಾಡಿದ ಕರ್ನಲ್ ಸೋಫಿಯಾ ಖುರೇಷಿ ಬೆಳಗಾವಿ ಜಿಲ್ಲೆಯ ಸೊಸೆ. ಅದೇ ತಿಂಗಳು ರಕ್ಷಣಾ ಅಕಾಡೆಮಿಯಿಂದ ಹೆಣ್ಣುಮಕ್ಕಳ ಮೊದಲ ತಂಡ ಹೊರಬಂತು. ನಮ್ಮ ಹೆಣ್ಣುಮಕ್ಕಳಿಗೋ, ಹೈಸ್ಕೂಲು ಮೆಟ್ಟಿಲೇರಿದ ದಿನವೇ ಓಟ ನಿಂತುಹೋಗುತ್ತದೆ.

ನೆರೆಯ ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆಯಿದೆ, ಆರನೇ ತರಗತಿಗೇ ಪ್ರವೇಶ ಪರೀಕ್ಷೆ ನಡೆಯುತ್ತದೆ. ಐದನೇ ತರಗತಿಯ ಮಗುವಿರುವ ಪೋಷಕರು ಈ ವರ್ಷವೇ ವಿಚಾರಿಸಲಿ. ನಮ್ಮ ಸಂಸ್ಥೆಗಳು ನಡೆಸುವ ಶಾಲೆಗಳ ಮೈದಾನಗಳು ಸಂಜೆಗೆ ಬೀಗ ಹಾಕಿಸಿಕೊಳ್ಳುವ ಬದಲು ಮುಂಜಾನೆಯೂ ತೆರೆದಿರಲಿ. ಬಿಸಿಲೇರಿದ ಮೇಲೆ ಈ ನಾಡಿನಲ್ಲಿ ಓಡುವವರುಂಟೇ? ಹೆಣ್ಣುಮಕ್ಕಳಿಗೆ ಪ್ರತ್ಯೇಕ ಸಮಯ ಗೊತ್ತುಪಡಿಸಲಿ. ಎಂಟನೇ ತರಗತಿಯಲ್ಲೇ ಕಣ್ಣು, ಹಲ್ಲು, ಪಾದಗಳ ತಪಾಸಣೆಯಾಗಲಿ. ಇದಕ್ಕೆ ತಾಲೂಕು ಆಸ್ಪತ್ರೆಗೆ ಮುಖ್ಯೋಪಾಧ್ಯಾಯರ ಒಂದು ಪತ್ರ ಹೋದರೆ ಸಾಕು.